ಸರ್ ಡೈರಿಯಲ್ಲಿದ್ದ ಸಂಸ್ಥೆ: ವಿಜಯಪುರ ಜಿಲ್ಲೆಯ ಒಂದು ಪ್ರಕರಣ

ಒಂದು ಸಂಸ್ಥೆಯ ವರ್ಷದ ಖರ್ಚು ಸುಮಾರು 38 ಲಕ್ಷ ರೂಪಾಯಿ. ಅದರಲ್ಲಿ 27 ಲಕ್ಷ ಒಂದೇ ಕಡೆಯಿಂದ ಬರುತ್ತಿತ್ತು. ಆ ಕಡೆಯವರು ಒಂದು ದಿನ "ಮುಂದಿನ ವರ್ಷದಿಂದ ಆಗುವುದಿಲ್ಲ" ಎಂದು ಪತ್ರ ಬರೆದರು. ವಿಜಯಪುರ ಜಿಲ್ಲೆಯ ಒಂದು ಸಣ್ಣ ಸಂಸ್ಥೆಯ ಕಥೆ ಇದು. ನಾನು ಅದರ ಆಡಳಿತ ಮಂಡಳಿಯ ಸದಸ್ಯ, ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಸೇರಿಕೊಂಡವನು. ಮಂಡಳಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಹೇಳುವುದಿಲ್ಲ. ಗುರುತು ಸಿಗುವಂಥ ಕೆಲವು ವಿವರ ಬದಲಿಸಿದ್ದೇನೆ.

ಸಂಸ್ಥೆ ಏನು ಮಾಡುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ತಾಂಡಾಗಳಿಂದ, ಅಂದರೆ ಲಂಬಾಣಿಗಳ ಊರುಗಳಿಂದ, ದಸರಾ, ದೀಪಾವಳಿ ಮುಗಿಯುತ್ತಲೇ ಕುಟುಂಬಗಳು ಕಬ್ಬು ಕಡಿಯಲು ಹೊರಡುತ್ತವೆ. ಹೆಚ್ಚಿನವರು ಮಹಾರಾಷ್ಟ್ರದ ಕಡೆ. ಮುಕಾದಮನ, ಅಂದರೆ ಕೂಲಿಯವರನ್ನು ಒದಗಿಸುವ ಗುತ್ತಿಗೆದಾರನ, ಹತ್ತಿರ ಮುಂಗಡ ತಗೊಂಡಿರುತ್ತಾರೆ, ಅದು ತೀರುವ ತನಕ ದುಡಿಯಬೇಕು. ವಾಪಸ್ ಬರುವುದು ಯುಗಾದಿಯ ಹೊತ್ತಿಗೆ. ಮಕ್ಕಳನ್ನೂ ಕರೆದುಕೊಂಡು ಹೋದರೆ ಆ ವರ್ಷದ ಶಾಲೆ ಮುಗಿದಂತೆ. ಹಾಗಾಗಬಾರದು ಅಂತ ಸಂಸ್ಥೆ ಎರಡು ಕಡೆ ಆರು ತಿಂಗಳ ಹಾಸ್ಟೆಲ್ ನಡೆಸುತ್ತದೆ. ಮಕ್ಕಳು ಹಗಲು ಊರಿನ ಸರ್ಕಾರಿ ಶಾಲೆಗೆ ಹೋಗುತ್ತಾರೆ. ಊಟ, ವಸತಿ, ಸಂಜೆಯ ಪಾಠ ನಮ್ಮದು.

ಇದನ್ನು ಶುರು ಮಾಡಿದವರು ಒಬ್ಬ ಹೈಸ್ಕೂಲ್ ಮೇಷ್ಟ್ರು. ಈಗ ಎಪ್ಪತ್ತು ದಾಟಿದ್ದಾರೆ. ತಾಂಡಾದವರಿಗೂ, ಅಧಿಕಾರಿಗಳಿಗೂ, ನಮಗೂ ಅವರು "ಸರ್". ಇಪ್ಪತ್ತು ವರ್ಷದಲ್ಲಿ ಸಂಸ್ಥೆಯಿಂದ ಒಂದು ರೂಪಾಯಿ ಪಗಾರ ತಗೊಂಡಿಲ್ಲ. ಈ ಸಂಗತಿ ಮುಂದೆ ದೊಡ್ಡ ತೊಡಕಾಯಿತು.

ದುಡ್ಡು ನಿಲ್ಲಿಸಿದ್ದು ಬೆಂಗಳೂರಿನ ಒಂದು ಕಂಪನಿ. ಅವರದು ತಪ್ಪಿಲ್ಲ. ಮೂರು ವರ್ಷ ಎಂದು ಮೊದಲೇ ಹೇಳಿದ್ದರು, ಮೂರು ವರ್ಷ ಕೊಟ್ಟರು. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಒಂದು ಮಟ್ಟಕ್ಕಿಂತ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸಿಎಸ್‌ಆರ್ ಹಣ ಅನ್ನುವುದು ಇದನ್ನೇ. ಎಲ್ಲಿ, ಯಾರಿಗೆ ಎಂಬುದು ಅವರ ಆಯ್ಕೆ. ನಾಲ್ಕನೇ ವರ್ಷ ಅವರು ಬೇರೆ ಜಿಲ್ಲೆ ಆರಿಸಿಕೊಂಡರು. ಹೋಗುವಾಗ ಒಂದು ಮಾತು ಹೇಳಿದರು: ಸಂಸ್ಥೆ ತನ್ನ ಕಾಲ ಮೇಲೆ ನಿಲ್ಲಲು ಒಬ್ಬ ಸಲಹೆಗಾರರನ್ನು ಇಟ್ಟುಕೊಳ್ಳಿ, ಒಂದು ವರ್ಷದ ಫೀ ನಾವು ಕೊಡುತ್ತೇವೆ.

ಮಂಡಳಿಯಲ್ಲಿ ಮೊದಲು ಬಂದ ಮಾತು ಏನಿರಬಹುದು ಹೇಳಿ. "ಆ ಫೀ ರೊಕ್ಕಾನ ಅಕ್ಕಿ-ಬ್ಯಾಳಿಗೆ ಕೊಡ್ರಿ ಅಂತ ಬರಿಯೂಣ." ಬರೆದೆವು. ಅವರು ಒಪ್ಪಲಿಲ್ಲ. ಹಾಗಾಗಿ, ಬರಲಿ ನೋಡೋಣ ಅಂತ ಒಪ್ಪಿಕೊಂಡೆವು. ಉತ್ಸಾಹದಿಂದ ಶುರುವಾದ ಕೆಲಸ ಇದು ಅಲ್ಲವೇ ಅಲ್ಲ.

ಕರಾರು

ಬಂದವರು ಧಾರವಾಡದ ಮಹಿಳೆ. ಹಳ್ಳಿಗಳಲ್ಲಿ ಕೆಲಸ ಮಾಡಿ ಆಮೇಲೆ ಸಲಹೆಯ ಕೆಲಸಕ್ಕೆ ಇಳಿದವರು. ನಮ್ಮ ಅಧ್ಯಕ್ಷರು, ಅಂದರೆ ಸರ್, ಮೊದಲ ಭೇಟಿಯಲ್ಲೇ ಕೇಳಿದರು: "ಮೇಡಂ, ನೀವು ಎಷ್ಟು ರೊಕ್ಕ ತಂದು ಕೊಡ್ತೀರಿ? ಬಂದದ್ರಾಗ ಇಷ್ಟು ಪರ್ಸೆಂಟ್ ಅಂತ ತಗೊಂಡ್ರ ಇಬ್ಬರಿಗೂ ಚಲೋ ಅಲ್ಲೇನ್ರಿ?"

ಆಗುವುದಿಲ್ಲ ಎಂದರು. ಪರ್ಸೆಂಟ್ ಲೆಕ್ಕಕ್ಕೆ ಕೆಲಸ ಮಾಡಿದರೆ ಸಲಹೆಗಾರರ ಕಣ್ಣು ಬೇಗ ಬರುವ ದೊಡ್ಡ ಮೊತ್ತದ ಮೇಲೆ ಇರುತ್ತದೆ, ಸಂಸ್ಥೆಗೆ ಅದು ಹೊಂದುತ್ತದೋ ಇಲ್ಲವೋ ಯಾರೂ ನೋಡುವುದಿಲ್ಲ. ಕೊಟ್ಟವರಿಗೂ ತಮ್ಮ ದುಡ್ಡಿನ ಒಂದು ಪಾಲು ಕಮಿಷನ್‌ಗೆ ಹೋಯಿತು ಎಂದು ಗೊತ್ತಾದರೆ ಮನಸ್ಸು ಮುರಿಯುತ್ತದೆ. ಅಮೆರಿಕದ ನಿಧಿ ಸಂಗ್ರಹಕಾರರ ಸಂಘದ ನೀತಿ ಸಂಹಿತೆಯಲ್ಲೂ ಪರ್ಸೆಂಟ್ ಲೆಕ್ಕ ಬೇಡ ಎಂದೇ ಇದೆ. ಬ್ಯಾಂಕಿನಲ್ಲಿದ್ದ ನನಗೆ ಈ ಮಾತು ಕೂಡಲೇ ಹಿಡಿಸಿತು. ಟಾರ್ಗೆಟ್, ಕಮಿಷನ್ ಎಂದು ಓಡಿದವರು ಗ್ರಾಹಕರಿಗೆ ಎಂಥೆಂಥ ಪಾಲಿಸಿ ಮಾರಿದರು ಅಂತ ಕಣ್ಣಾರೆ ಕಂಡಿದ್ದೇನೆ.

ಕೊನೆಗೆ ಆದ ಕರಾರು ಎರಡೇ ಪುಟ. ಫೀ ನಿಗದಿ ಮೊತ್ತ, ಮೂರು ಕಂತು. ದಾನಿಗಳ ಹತ್ತಿರ ಅವರು ಒಬ್ಬರೇ ಹೋಗುವುದಿಲ್ಲ, ನಮ್ಮ ಜೊತೆ ಬರುತ್ತಾರೆ. ಅರ್ಜಿ, ಪ್ರಸ್ತಾವನೆ ನಾವು ಬರೆಯಬೇಕು, ಅವರು ತಿದ್ದುತ್ತಾರೆ. ವರದಿ ಕನ್ನಡದಲ್ಲಿ ಇರಬೇಕು ಎಂದು ನಾವು ಒಂದು ಸಾಲು ಸೇರಿಸಿದೆವು. ಮಂಡಳಿಯ ಏಳು ಜನರಲ್ಲಿ ನಾಲ್ವರಿಗೆ ಇಂಗ್ಲಿಷ್ ವರದಿ ಓದಲು ಬರುವುದಿಲ್ಲ. ಓದದ ವರದಿಗೆ ಸಹಿ ಹಾಕುವ ಚಟ ನಮಗೆ ಮೊದಲೇ ಇತ್ತು.

ಠರಾವ್ ಬುಕ್ ಮತ್ತು ಚೀಟಿ

ಅವರು ಮೊದಲು ಕೇಳಿದ್ದು ಲೆಕ್ಕದ ಪುಸ್ತಕ ಇರಬೇಕು ಎಂದುಕೊಂಡಿದ್ದೆ. ಕೇಳಿದ್ದು ಠರಾವ್ ಬುಕ್, ಅಂದರೆ ಸಭೆಯ ನಿರ್ಣಯ ಬರೆದಿಡುವ ಪುಸ್ತಕ. ಅರ್ಧ ಗಂಟೆ ಸುಮ್ನೆ ಕೂತು ಹಾಳೆ ತಿರುವಿದರು. ಎಲ್ಲ ಸಭೆಯ ನಡಾವಳಿಯೂ ಒಂದೇ ಕೈಬರಹ. ಎಲ್ಲ ಠರಾವೂ "ಸರ್ವಾನುಮತದಿಂದ". ಸಹಿಗಳು ಬೇರೆ ಬೇರೆ ಪೆನ್ನು, ಬೇರೆ ಬೇರೆ ಶಾಯಿ. ಯಾಕೆ ಅಂದರೆ ಆ ಸಭೆಗಳಲ್ಲಿ ಬಹಳಷ್ಟು ನಡೆದೇ ಇರಲಿಲ್ಲ. ಹುಡುಗ ಬೈಕ್ ಮೇಲೆ ಪುಸ್ತಕ ತಂದು ಮನೆಮನೆಗೆ ಸಹಿ ಹಾಕಿಸಿಕೊಂಡು ಹೋಗುತ್ತಿದ್ದ. ಚಹಾ ಕುಡಿದೂ ಹೋಗುತ್ತಿದ್ದ. ಈ ಪದ್ಧತಿ ನಮ್ಮಲ್ಲಿ ಮಾತ್ರ ಇದೆ ಅಂತ ಯಾರಾದರೂ ಅಂದುಕೊಂಡರೆ ಅವರು ಸಂಘ-ಸಂಸ್ಥೆ ನೋಡಿಲ್ಲ ಅಂತಲೇ ಅರ್ಥ.

ಆಮೇಲೆ ಏಳೂ ಜನರನ್ನು ಕೂಡಿಸಿ ಒಂದೊಂದು ಚೀಟಿ ಕೊಟ್ಟರು. ಮೂರು ಪ್ರಶ್ನೆ. ವರ್ಷದ ಖರ್ಚು ಎಷ್ಟು? ಸರ್ ಮೂರು ತಿಂಗಳು ಹಾಸಿಗೆ ಹಿಡಿದರೆ ಚೆಕ್‌ಗೆ ಯಾರು ಸಹಿ ಹಾಕುತ್ತಾರೆ? ಹೋದ ವರ್ಷ ನೀವು ಯಾರ ಹತ್ತಿರ ಸಂಸ್ಥೆಗಾಗಿ ಏನಾದರೂ ಕೇಳಿದಿರಿ?

ಮೊದಲನೆಯದಕ್ಕೆ ಉತ್ತರ ಹನ್ನೆರಡು ಲಕ್ಷದಿಂದ ಅರವತ್ತು ಲಕ್ಷದ ತನಕ ಬಂತು. ಎರಡನೆಯದಕ್ಕೆ ಹೆಚ್ಚಿನವರು "ಬಾಯಿ" ಎಂದು ಬರೆದಿದ್ದರು. ಬಾಯಿ ಅಂದರೆ ಸರ್ ಅವರ ಹೆಂಡತಿ, ಖಜಾಂಚಿ. ಖಾತೆ ನಡೆಯುತ್ತಿದ್ದದ್ದು ಇಬ್ಬರ ಜಂಟಿ ಸಹಿಯಿಂದ. ಹಾಗಾಗಿ ಸರ್ ಸಹಿ ಇಲ್ಲದೆ ಅವರೊಬ್ಬರಿಂದ ಏನೂ ಆಗುವಂತಿರಲಿಲ್ಲ. ಮೂರನೇ ಪ್ರಶ್ನೆಗೆ ಆರು ಚೀಟಿ ಖಾಲಿ.

ಸರ್ ಚೀಟಿ ಮಾತ್ರ ಎರಡೂ ಕಡೆ ತುಂಬಿತ್ತು.

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. ದುಡ್ಡಿನ ಕೊರತೆ ಅಂತ ಸಲಹೆಗಾರರನ್ನು ಕರೆದೆವು. ಕೇಳುವ ಕೆಲಸ, ನಿರ್ಧರಿಸುವ ಕೆಲಸ, ಸಹಿ ಹಾಕುವ ಕೆಲಸ ಮೂರೂ ಒಬ್ಬರ ತಲೆ ಮೇಲೆ ಇದ್ದುದರಿಂದಲೇ ದುಡ್ಡಿನ ದಾರಿಯೂ ಒಂದೇ ಇತ್ತು. ಎಪ್ಪತ್ತು ದಾಟಿದ ಒಬ್ಬರು ವರ್ಷಕ್ಕೆ ಎಷ್ಟು ಜನರ ಮನೆಗೆ ಹೋಗಲು ಸಾಧ್ಯ? ದೊಡ್ಡದು ಒಂದು ಸಿಕ್ಕಾಗ ಅವರು ಉಳಿದ ಮನೆಗಳಿಗೆ ಹೋಗುವುದನ್ನು ಬಿಟ್ಟರು. ನಾವು ಯಾರೂ ಹೋಗಿರಲೇ ಇಲ್ಲ.

ಡೈರಿ

ದಾನಿಗಳ ಪಟ್ಟಿ ಕೊಡಿ ಎಂದಾಗ ಆಫೀಸಿನಿಂದ ರಸೀದಿ ಪುಸ್ತಕ ಬಂತು. ನಿಜವಾದ ಪಟ್ಟಿ ಸರ್ ಜುಬ್ಬಾದ ಜೇಬಿನಲ್ಲಿತ್ತು. ಹೊಸ ವರ್ಷಕ್ಕೆ ಬ್ಯಾಂಕಿನವರು ಕೊಡುವ ಸಣ್ಣ ಡೈರಿ. ಅದೂ ಒಂದಲ್ಲ, ಪ್ರತಿ ವರ್ಷದ್ದೂ ಇಟ್ಟಿದ್ದರು, ರಬ್ಬರ್ ಬ್ಯಾಂಡ್ ಹಾಕಿ.

ಅದರಲ್ಲಿ ಹೆಸರು, ಮೊತ್ತ ಅಷ್ಟೇ ಇರಲಿಲ್ಲ. "ಇಂಡಿ ಲಿಂಬಿ ವ್ಯಾಪಾರಿ, ಜೋಳ 4 ಚೀಲ. ಈ ವರ್ಷ ಕೇಳಬಾರದು, ಮಗಳ ಮದುವಿ." "ಡಾಕ್ಟರ್, ಶ್ರಾವಣದಾಗ ಕೊಡ್ತಾರ. ಹೆಸರು ಹಾಕಿದ್ರ ಸಿಟ್ಟಾಗ್ತಾರ." "ಕಂಡಕ್ಟರ್, ನಮ್ಮ ಹಾಸ್ಟೆಲ್ ಹುಡುಗ, ಈಗ ಡ್ಯೂಟಿ ಪುಣೆ ರೂಟ್. ಬಟ್ಟಿ ಕೊಟ್ಟ." ಎರಡು ದಶಕದ ನಂಟು ಆ ಪುಟಗಳಲ್ಲಿತ್ತು. ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶ ಹಾಕಿದರೂ ಇಂಥದ್ದು ತಾನಾಗಿ ಹುಟ್ಟುವುದಿಲ್ಲ.

ಸಲಹೆಗಾರರು ಆ ಡೈರಿಗಳನ್ನು ತಾವು ತೆಗೆದುಕೊಳ್ಳಲಿಲ್ಲ. ಅದು ಒಳ್ಳೆಯ ತೀರ್ಮಾನ. ಸರ್ ಓದಬೇಕು, ವಾರ್ಡನ್ ಬರೆದುಕೊಳ್ಳಬೇಕು ಎಂದರು. ವಾರ್ಡನ್ ತಾಂಡಾದವರೇ, ಮೂವತ್ತೈದರ ಆಸುಪಾಸು. ಹನ್ನೊಂದು ವರ್ಷದಿಂದ ಹಾಸ್ಟೆಲ್ ನಡೆಸುತ್ತಿದ್ದಾರೆ. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಾರೆ. ಮುಕಾದಮರ ಹತ್ತಿರ ಮಾತಾಡಿ ಮಕ್ಕಳನ್ನು ಬಿಡಿಸಿಕೊಂಡು ಬರುವುದು ಅವರೇ. ಆದರೆ ಹಾಸ್ಟೆಲ್ಲಿಗೆ ವರ್ಷಕ್ಕೆ ಎಷ್ಟು ಬರುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕೆಲವು ಸಂಜೆ ಇಬ್ಬರೂ ಕೂತರು. ಸರ್ ಒಂದು ಹೆಸರು ಓದುವುದು, ಆ ಮನೆಯ ಕಥೆ ಹೇಳುವುದು, ಅಕ್ಕ ಉದ್ದ ರಿಜಿಸ್ಟರಿನಲ್ಲಿ ಬರೆಯುವುದು. ನಡುವೆ ಅಕ್ಕ ಒಮ್ಮೆ ತಡೆದು, "ಸರ್, ಈ ಮನ್ಯಾರು ಈಗ ಸೊಲ್ಲಾಪುರದಾಗ ಅದಾರ್ರಿ, ಅವರ ಮಗ ಹೋದ ತಿಂಗಳ ಹಾಸ್ಟೆಲ್ ನೋಡಾಕ ಬಂದಿದ್ದ" ಎಂದರು. ಸರ್‌ಗೆ ಅದು ಗೊತ್ತಿರಲಿಲ್ಲ. ಪೆನ್ನು ತಗೊಂಡು ತಮ್ಮ ಡೈರಿಯಲ್ಲೂ ತಿದ್ದಿಕೊಂಡರು. ನಾಯಕತ್ವ ತರಬೇತಿ ಅಂತ ಆ ವರ್ಷ ನಮಗೆ ಬೇರೆ ಎರಡು ಶಿಬಿರಗಳೂ ಆದವು. ಬಣ್ಣದ ಚಾರ್ಟು, ಅಂಟಿಸುವ ಚೀಟಿ, ನೀವು ಎಂಥ ನಾಯಕರು ಎಂಬ ಪ್ರಶ್ನಾವಳಿ. ಅದರಲ್ಲಿ ಏನೂ ನೆನಪಿಲ್ಲ ನನಗೆ. ತರಬೇತಿ ಆದದ್ದು ಡೈರಿ ಮುಂದೆ.

"ಇಲ್ಲಿ ಯಾರ್ ಕೊಡ್ತಾರ್ರೀ?"

ಮಂಡಳಿಯ ಗಟ್ಟಿ ನಂಬಿಕೆ ಒಂದಿತ್ತು. ನಮ್ಮದು ಬರದ ಜಿಲ್ಲೆ, ಇಲ್ಲಿ ದುಡ್ಡಿಲ್ಲ, ಬಂದರೆ ಬೆಂಗಳೂರು, ಮುಂಬೈಯಿಂದಲೇ ಬರಬೇಕು.

ಸಲಹೆಗಾರರು ಇದಕ್ಕೆ ವಾದ ಮಾಡಲಿಲ್ಲ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಹೇಗೆ ನಡೆಯುತ್ತದೆ ಎಂದು ಕೇಳಿದರು. ಊರೂರಿನ ಮಠಗಳ ದಾಸೋಹಕ್ಕೆ ಜೋಳ ಎಲ್ಲಿಂದ ಬರುತ್ತದೆ ಎಂದು ಕೇಳಿದರು. ಹೇಳುತ್ತಾ ಹೋದ ಹಾಗೆ ನಮಗೇ ನಗು ಬಂತು. ನಮ್ಮ ಮಂಡಳಿಯ ಒಬ್ಬರು ತಮ್ಮ ಊರ ಜಾತ್ರೆ ಕಮಿಟಿಯಲ್ಲಿ ಇಪ್ಪತ್ತು ವರ್ಷದಿಂದ ಪಟ್ಟಿ, ಅಂದರೆ ವಂತಿಗೆ, ಎತ್ತುತ್ತಿದ್ದಾರೆ! ಅದೇ ಮನುಷ್ಯ ಹಾಸ್ಟೆಲ್ಲಿಗೆ ಅಂತ ಒಮ್ಮೆಯೂ ಬಾಯಿ ಬಿಟ್ಟಿಲ್ಲ.

ಈ ಕಡೆಯ ದೊಡ್ಡ ಶಿಕ್ಷಣ ಸಂಸ್ಥೆಗಳ ಚರಿತ್ರೆ ನೋಡಿದರೂ ಇದೇ. ಬಿಜಾಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಕಟ್ಟುವುದರಲ್ಲಿ ಫ.ಗು. ಹಳಕಟ್ಟಿ ಮುಂದೆ ನಿಂತಿದ್ದರು. ಬೆಳಗಾವಿಯಲ್ಲಿ 1916ರಲ್ಲಿ ಕೆ.ಎಲ್.ಇ. ಶುರು ಮಾಡಿದ್ದು ಏಳು ಜನ ಶಿಕ್ಷಕರು. ಇವು ಬೆಳೆದದ್ದು ಈ ಸೀಮೆಯ ಜನರ ದಾನದಿಂದಲೇ. ಹೀಗಿರುವಾಗ ನಮ್ಮ ಜನ ಕೊಡುವುದಿಲ್ಲ ಎನ್ನುವುದು ಸುಳ್ಳು.

ಜಾತ್ರೆ ಕಮಿಟಿ ಏನು ಮಾಡುತ್ತದೆ? ಯಾರು ಎಷ್ಟು ಕೊಟ್ಟರು ಎಂದು ಮೈಕಿನಲ್ಲಿ ಓದುತ್ತದೆ. ಜಮಾ-ಖರ್ಚು ಬೋರ್ಡಿಗೆ ಹಚ್ಚುತ್ತದೆ. ನಾವು ಆಡಿಟ್ ಮಾಡಿಸಿ ಕಪಾಟಿನಲ್ಲಿ ಇಡುತ್ತಿದ್ದೆವು.

ಇಲ್ಲಿ ಒಂದು ಜಗಳವೂ ಆಯಿತು. ಒಂದು ಮಗುವಿಗೆ ತಿಂಗಳಿಗೆ ಎಷ್ಟು ಖರ್ಚು ಎಂದು ತೆಗೆದು ಅದನ್ನೇ ಜನರ ಮುಂದೆ ಇಡೋಣ ಎಂದರು ಸಲಹೆಗಾರರು. ಸರ್ ಕೆಂಡವಾದರು. "ಮಕ್ಕಳಿಗೆ ರೇಟ್ ಹಚ್ಚೂದೇನ್ರಿ? ಫೋಟೋ ತೋರಿಸಿ ಇವನ ರೇಟ್ ಇಷ್ಟು ಅನ್ನೂದು ನನ್ನ ಕೈಲಿ ಆಗಂಗಿಲ್ಲ." ಅವರ ಮಾತಿನಲ್ಲಿ ಸತ್ಯವಿದೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ತಾಂಡಾದ ಮಗುವಿನ ಫೋಟೋ ಹಿಡಿದುಕೊಂಡು ಕೇಳಿದರೆ ದುಡ್ಡು ಬೇಗ ಬರಬಹುದು, ನಾಳೆ ಆ ಮಗು ಅದೇ ಊರಲ್ಲಿ ತಲೆ ಎತ್ತಿ ಓಡಾಡಬೇಕಲ್ವಾ? ಕೊನೆಗೆ ಅಕ್ಕ ಒಂದು ದಾರಿ ಹೇಳಿದರು. ಮಗುವಿನ ಲೆಕ್ಕ ಬೇಡ, ಹಾಸ್ಟೆಲ್ಲಿನ ಒಂದು ದಿನದ ಲೆಕ್ಕ ಇರಲಿ. ಊಟ, ಗ್ಯಾಸು, ಲೈಟ್ ಬಿಲ್, ಅಡುಗೆಯವರ ಕೂಲಿ ಎಲ್ಲ ಸೇರಿ. ದಾಸೋಹದ ಲೆಕ್ಕ ಗೊತ್ತಿರುವ ಜನಕ್ಕೆ ಅದು ತಟ್ಟನೆ ತಿಳಿಯುತ್ತದೆ. ಹಾಗೇ ಆಯಿತು. ಫೋಟೋ ಇಲ್ಲ.

ಇನ್ನೊಂದು ಕೆಲಸ, ಕೇಳುವ ಕ್ಯಾಲೆಂಡರ್ ಮಾಡಿದೆವು. ಇದು ನನಗೆ ಬಹಳ ಇಷ್ಟವಾಯಿತು. ನಮ್ಮ ಖರ್ಚು ಶುರುವಾಗುವುದು ಅಕ್ಟೋಬರಿನಲ್ಲಿ. ಬಿಳಿಜೋಳದ ರಾಶಿ ಆಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ತಿಕೋಟಾ ಕಡೆ ಒಣದ್ರಾಕ್ಷಿ ಶೆಡ್ಡಿನಿಂದ ಹೊರಬಿದ್ದು ತಾಸಗಾಂವ, ಸಾಂಗ್ಲಿ ಮಾರ್ಕೆಟ್ಟಿಗೆ ಹೋದ ಮೇಲೆ ರೈತರ ಕೈಯಲ್ಲಿ ದುಡ್ಡು ಆಡುತ್ತದೆ. ಕಂಪನಿಗಳ ಸಿಎಸ್‌ಆರ್ ಹಣ ಬಹಳ ಸಲ ವರ್ಷದ ಕೊನೆಗೆ, ಮಾರ್ಚ್ ಹೊತ್ತಿಗೆ ಬಂದು ಬೀಳುತ್ತದೆ, ಆಗ ನಮ್ಮ ಮಕ್ಕಳು ಮನೆಗೆ ಹೊರಟಿರುತ್ತಾರೆ. ನಾವೋ ಪ್ರತಿ ಸಲ ದೀಪಾವಳಿಗೆ, ಎಲ್ಲರ ಕೈ ಬಿಗಿ ಇರುವಾಗ, ಕೇಳಲು ಹೊರಡುತ್ತಿದ್ದೆವು. ಜೋಳವನ್ನು ರಾಶಿಯ ಕಾಲಕ್ಕೇ ಪಡೆದು ಇಟ್ಟುಕೊಳ್ಳುವುದು ಎಂದು ತೀರ್ಮಾನವಾಯಿತು. ನುಸಿ ಹತ್ತದ ಹಾಗೆ ಇಡಲು ಒಂದು ಕೋಣೆಗೆ ಸಿಮೆಂಟ್ ಗಿಲಾವ್ ಮಾಡಿಸಬೇಕಾಯಿತು. ಸಲಹೆಗಾರರ ಯೋಜನೆಯಲ್ಲಿ ಆ ಖರ್ಚು ಇರಲಿಲ್ಲ. ಹೊಳೆದದ್ದು ಅಡುಗೆಯವರಿಗೆ.

ಕೇಳಲು ಹೋದದ್ದು

ಮಂಡಳಿಗೆ ಒಂದು ನಿಯಮ ಮಾಡಿಕೊಂಡೆವು. ಪ್ರತಿಯೊಬ್ಬರೂ ಮೊದಲು ತಮ್ಮ ಕೈಲಾದಷ್ಟು ಕೊಡಬೇಕು, ಆಮೇಲೆ ತಮಗೆ ಗೊತ್ತಿರುವ ಮೂವರನ್ನು ಕೇಳಬೇಕು. ಒಬ್ಬರು ರಾಜೀನಾಮೆ ಕೊಟ್ಟರು. ನಾನು ಮರ್ಯಾದೆಗೆ ಬಂದವನು, ಪಟ್ಟಿ ಎತ್ತಲು ಅಲ್ಲ ಎಂದರು. ಅವರ ಜಾಗಕ್ಕೆ ನಮ್ಮ ಹಾಸ್ಟೆಲ್ಲಿನಲ್ಲೇ ಓದಿದ ಕೆಕೆಆರ್‌ಟಿಸಿ ಕಂಡಕ್ಟರ್ ಬಂದರು. ನಷ್ಟವೇನೂ ಆಗಲಿಲ್ಲ.

ನಾನು, ಅಕ್ಕ, ಸಲಹೆಗಾರರು ಮೂವರು ತಿಕೋಟಾದ ಒಬ್ಬ ದ್ರಾಕ್ಷಿ ಬೆಳೆಗಾರರ ಹತ್ತಿರ ಹೋದೆವು. ಶೆಡ್ಡಿನಲ್ಲಿ ಬಲೆಯ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಅವರು ನಮ್ಮ ಮಾತು ಪೂರ್ತಿ ಕೇಳಿ, "ಹೋದ ವರ್ಷದ ಆಡಿಟ್ ತಂದೀರೇನ್ರಿ?" ಎಂದರು. ತಂದಿದ್ದೆವು. ಒಂದು ಪುಟದಲ್ಲಿ ಕನ್ನಡದಲ್ಲಿ. ಅವರು ನೋಡಿದ್ದು ಒಂದೇ ಸಾಲು: ಸಂಚಾರ ಖರ್ಚು. ಸರಿ ಎನ್ನಿಸಿತೋ ಏನೋ, ಇಪ್ಪತ್ತು ಸಾವಿರ ನಗದು ತೆಗೆದರು.

ಇಲ್ಲಿ ಕಾನೂನಿನ ಮಾತು ಬಂತು. ದಾನ ಕೊಟ್ಟವರಿಗೆ ಆಗಿನ ಆದಾಯ ತೆರಿಗೆ ಕಾಯ್ದೆಯ 80ಜಿ ಕಲಂ ಪ್ರಕಾರ ಸಿಗುವ ರಿಯಾಯಿತಿ ಬೇಕಾದರೆ ಎರಡು ಸಾವಿರಕ್ಕಿಂತ ಹೆಚ್ಚು ನಗದು ಕೊಡುವಂತಿರಲಿಲ್ಲ. ಚೆಕ್ ಅಥವಾ ಫೋನ್‌ಪೇ ಆಗಬೇಕಿತ್ತು. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅಂತೂ 80ಜಿ ಲಾಭವೇ ಇರಲಿಲ್ಲ. ಇದನ್ನು ಮುಚ್ಚಿಡದೆ ಹೇಳಿದೆವು. "ನಾ ಎಲ್ಲಿ ಟ್ಯಾಕ್ಸ್ ಸಲುವಾಗಿ ಕೊಡಾಕತ್ತೀನ್ರಿ?" ಎಂದು ನಕ್ಕು ಚೆಕ್ ಬರೆದರು. ಸಂಬಳದಾರರಲ್ಲಿ ಮಾತ್ರ 80ಜಿ ಕೇಳಿದವರು ಸಿಕ್ಕರು.

ಕಾಗದಪತ್ರದ ಕೆಲಸ ಬೇಸರದ್ದು, ಬೇಗ ಮುಗಿಸುತ್ತೇನೆ. ದಾನ ಕೊಟ್ಟವರ ಪ್ಯಾನ್ ಸಹಿತ ವಿವರವನ್ನು ಫಾರ್ಮ್ 10ಬಿಡಿ ಮೂಲಕ ಮೇ 31ರ ಒಳಗೆ ಸಲ್ಲಿಸಬೇಕಿತ್ತು, ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದಾದ ಮೇಲೆ ಅವರಿಗೆ 10ಬಿಇ ಪ್ರಮಾಣಪತ್ರ ಕೊಡಬೇಕಿತ್ತು. ನಮ್ಮಲ್ಲಿ ಪ್ಯಾನ್ ಬರೆದುಕೊಳ್ಳುವ ರೂಢಿಯೇ ಇರಲಿಲ್ಲ. ಹೊಸ ರಸೀದಿ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಬಂತು. ಸಿಎಸ್‌ಆರ್ ಹಣ ಪಡೆಯಲು 2021ರ ಏಪ್ರಿಲ್‌ನಿಂದ ಬೇಕಾಗಿರುವ ಸಿಎಸ್‌ಆರ್-1 ನೋಂದಣಿ ಮೊದಲೇ ಇತ್ತು.

ಎಲ್ಲ ಸಲಹೆಯೂ ಫಲಿಸಲಿಲ್ಲ. ಇಂಟರ್ನೆಟ್ಟಿನಲ್ಲಿ ನಿಧಿ ಸಂಗ್ರಹದ ಅಭಿಯಾನ ಮಾಡಿಸಿದರು. ವಿಡಿಯೋ ತೆಗೆಯುವವರಿಗೆ ಕೊಟ್ಟಷ್ಟೂ ಬರಲಿಲ್ಲ. ಜಿಲ್ಲೆಯಲ್ಲಿ ಸಿಎಸ್‌ಆರ್ ಅಂದ ಕೂಡಲೇ ಎಲ್ಲರೂ ಕೂಡಗಿಯ 2400 ಮೆಗಾವ್ಯಾಟ್ ವಿದ್ಯುತ್ ಸ್ಥಾವರದ ಕಡೆ ನೋಡುತ್ತಾರೆ, ನಾವೂ ನೋಡಿದೆವು. ಇಂಥ ಸ್ಥಾವರಗಳು ಮೊದಲು ತಮ್ಮ ಸುತ್ತಲ ಹಳ್ಳಿಗಳನ್ನು ನೋಡಿಕೊಳ್ಳುತ್ತವೆ, ನಮ್ಮ ತಾಂಡಾಗಳು ದೂರ. ಸಕ್ಕರೆ ಕಾರ್ಖಾನೆಗಳಲ್ಲಿ ಸಹಕಾರಿಗಳಿಗೆ 135ನೇ ಕಲಂ ಅನ್ವಯಿಸುವುದಿಲ್ಲ, ಅವು ಕಂಪನಿಗಳಲ್ಲ. ಒಂದು ಖಾಸಗಿ ಕಾರ್ಖಾನೆ ಮಾತ್ರ ಒಪ್ಪಿತು. ಕಬ್ಬು ಕಡಿಯುವವರ ಮಕ್ಕಳ ಹಾಸ್ಟೆಲ್ಲಿಗೆ ಕಬ್ಬು ಅರೆಯುವವರು ಕೊಡಬೇಕಾದದ್ದೇ ಎಂದು ಸರ್ ಅಲ್ಲಿಯೇ, ಅವರ ಎದುರಿಗೇ ಹೇಳಿದರು. ಸಲಹೆಗಾರರಿಗೆ ಬೆವರು ಬಂತು. ಆದರೂ ಎಂಟು ಲಕ್ಷ ಬಂತು.

ಆ ವರ್ಷ ಒಟ್ಟು ಸೇರಿದ್ದು 29 ಲಕ್ಷ, ಜೋಳದ ಬೆಲೆಯನ್ನೂ ಸೇರಿಸಿ. 38ಕ್ಕೆ ಮುಟ್ಟಲಿಲ್ಲ. ಸಣ್ಣ ಹಾಸ್ಟೆಲ್ ಒಂದು ಹಂಗಾಮು ಮುಚ್ಚಬೇಕಾಯಿತು. ಅಲ್ಲಿಯ ಮಕ್ಕಳಲ್ಲಿ ಕೆಲವರನ್ನು ದೊಡ್ಡ ಹಾಸ್ಟೆಲ್ಲಿಗೆ ತಂದೆವು, ಕೆಲವರು ಅಪ್ಪ-ಅವ್ವನ ಜೊತೆ ಕಬ್ಬಿಗೆ ಹೋದರು. ಇದನ್ನು ಯಶಸ್ಸಿನ ಕಥೆ ಎಂದು ಹೇಳುವವರು ಆ ಮಕ್ಕಳ ಹೆಸರನ್ನೂ ಹೇಳಬೇಕು. ಒಂದು ವ್ಯತ್ಯಾಸ ನಿಜ. ಈಗ ಯಾವ ಒಬ್ಬರ ಪತ್ರವೂ ನಮ್ಮನ್ನು ಅರ್ಧಕ್ಕೆ ಇಳಿಸಲಾರದು.

ಪಗಾರ

ಸರ್ವ ಸದಸ್ಯರ ಸಭೆಯಲ್ಲಿ, ಈ ಸಲ ನಿಜವಾಗಿ ಕೂತು, ಕೆಲವು ಬದಲಾವಣೆ ಆದವು. ಬಾಯಿ ಖಜಾಂಚಿ ಸ್ಥಾನ ಬಿಟ್ಟರು, ಅದು ನನಗೆ ಬಂತು. "ಇಪ್ಪತ್ತು ವರ್ಷ ಕೇಳದಽ ಸಹಿ ಮಾಡೀನಿ, ಸಾಕು" ಅಂದರು ಅವರು, ಹಗುರಾದಂತೆ. ಚೆಕ್ಕಿಗೆ ಮೂವರ ಹೆಸರು, ಅದರಲ್ಲಿ ಯಾರಾದರೂ ಇಬ್ಬರ ಸಹಿ. ಸರ್ ಅಧ್ಯಕ್ಷರಾಗಿ ಉಳಿದರು, ದಿನದ ಕೆಲಸ ಅಕ್ಕನಿಗೆ. ಅವರನ್ನು ನಿರ್ದೇಶಕಿ ಮಾಡುವಾಗ "ಇನ್ನೂ ಸಣ್ಣಾಕಿ" ಎಂದು ಇಬ್ಬರು ಗೊಣಗಿದರು. ಗಂಡಸಾಗಿದ್ದರೆ ಮೂವತ್ತೈದು ಸಣ್ಣ ವಯಸ್ಸಾಗುತ್ತಿರಲಿಲ್ಲ ಎಂದು ಕಂಡಕ್ಟರ್ ಹೇಳಿದ ಮೇಲೆ ಸುಮ್ಮನಾದರು.

ಸಿಕ್ಕಿಕೊಂಡದ್ದು ಬೇರೆ ಕಡೆ. ನಿರ್ದೇಶಕಿಯ ಪಗಾರ ಎಷ್ಟು? ಸಂಸ್ಥೆಯ ಬಜೆಟ್ಟಿನಲ್ಲಿ ಆ ಸಾಲೇ ಇಲ್ಲ. ಸರ್ ಪೆನ್ಷನ್ ಮೇಲೆ ಬದುಕಿ ಪುಕ್ಕಟೆ ದುಡಿದಿದ್ದರು. 38 ಲಕ್ಷದಲ್ಲಿ ಹಾಸ್ಟೆಲ್ ನಡೆಯುತ್ತದೆ ಎಂದು ನಾವು ಹೇಳುತ್ತಿದ್ದುದು ಆ ದುಡಿಮೆಯನ್ನು ಲೆಕ್ಕಕ್ಕೆ ಹಿಡಿಯದೆ. ಅಕ್ಕನಿಗೆ ಪೆನ್ಷನ್ ಇಲ್ಲ, ಎರಡು ಮಕ್ಕಳಿದ್ದಾರೆ. ವಾರ್ಡನ್ ಪಗಾರದಲ್ಲಿ ನಿರ್ದೇಶಕಿಯ ಕೆಲಸ ಮಾಡಿ ಎನ್ನುವುದು ಅನ್ಯಾಯ.

ಸರ್‌ಗೇ ಇದು ಒಪ್ಪಿಗೆಯಾಗಲು ಕಷ್ಟವಾಯಿತು. ಸೇವೆಗೆ ಪಗಾರ ಎಂದರೆ ಅವರಿಗೆ ಮುಳ್ಳು. ದಾನಿಗಳೂ ಹಾಗೇ. "ಅನ್ನಕ್ಕ ಕೊಡ್ತೀವಿ, ಪಗಾರಕ್ಕ ಅಲ್ಲ" ಎಂದು ನನ್ನ ಮುಂದೆಯೇ ಹೇಳಿದವರಿದ್ದಾರೆ. ಕಾರ್ಖಾನೆಯವರ ಹಣದಲ್ಲೂ ಪಗಾರಕ್ಕೆ ಜಾಗವಿಲ್ಲ. ಸಲಹೆಗಾರರು ಈ ಒಂದು ವಿಷಯದಲ್ಲಿ ಪಟ್ಟು ಬಿಡಲಿಲ್ಲ. ತಮ್ಮ ಕೊನೆಯ ಕಂತು ತಗೊಳ್ಳುವ ಮೊದಲು ಬಜೆಟ್ಟಿನಲ್ಲಿ ಆ ಸಾಲು ಬರೆಸಿದರು. ಒಂದು ದಿನದ ದಾಸೋಹದ ಲೆಕ್ಕದಲ್ಲೂ ನಡೆಸುವವರ ಪಾಲು ಸೇರಿಸಬೇಕು ಎಂದರು. ಸೇರಿಸಿದೆವು. ಮೊತ್ತ ಸ್ವಲ್ಪ ಏರಿತು, ಯಾಕೆ ಏರಿತು ಎಂದು ರಸೀದಿಯ ಹಿಂದೆ ಅಚ್ಚು ಹಾಕಿದೆವು. ಕೇಳಿದವರು ಇಬ್ಬರೇ.

ಮೊದಲ ವರ್ಷದ ಪಗಾರವನ್ನು ಮಂಡಳಿಯ ಮೂವರು ನಮ್ಮ ಪಾಲಿನಿಂದ ತುಂಬಿದೆವು. ಎರಡನೇ ವರ್ಷದ ಅರ್ಧ ಹೊಂದಿದೆ, ಅರ್ಧ ಹೊಂದಿಲ್ಲ. ಬರುವ ಸಭೆಯ ಕಾರ್ಯಸೂಚಿಯಲ್ಲಿ ಅದೇ ಮೊದಲ ವಿಷಯ. ಸೂಚನಾ ಪತ್ರಕ್ಕೆ ಸಹಿ ಅಕ್ಕನದು, ಪಗಾರದ ಚರ್ಚೆ ಆಗುವಾಗ ತಾನು ಹೊರಗೆ ಕೂರುತ್ತೇನೆ ಎಂದು ಅದರಲ್ಲೇ ಬರೆದಿದ್ದಾರೆ.